ಗೋಡೆಗೊಂದು ಚಿತ್ರ

ಪೇಟೆಯ ಬೀದಿಗಳಲ್ಲಿ ಓಡಾಡುವವರೆಲ್ಲರೂ ಕಂಡಿರಬಹುದಾದ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಕ್ಷೌರದಂಗಡಿಯ ಬಾಗಿಲ ಪಕ್ಕದಲ್ಲಿಯೋ, ಹೋಟೆಲಿನ ಹೊರಗೋಡೆಯ ಮೇಲೆಯೋ, ವರ್ಷಗಟ್ಟಲೆ ಬಿಸಿಲು ಕಾಯ್ದ ಅಚ್ಚಿನ ಚಿತ್ರವೊಂದು ಇರುತ್ತದೆ. ಅದರಲ್ಲಿರುವ ತರುಣನ ಮುಖ ನೀಲಿ, ಅಂಗಿ ನೀಲಿ, ಹಿಂದಿನ ತೋಟದ ಹೂಗಳೂ ನೀಲಿ. ಅಂಗಡಿಯವನು ಅದನ್ನು ತಂದು ಅಂಟಿಸಿದ ದಿನ ಆ ಮುಖಕ್ಕೆ ಮೈಬಣ್ಣವಿತ್ತು, ಹೂಗಳಿಗೆ ಕೆಂಪಿತ್ತು. ಆ ಕೆಂಪು, ಆ ಹಳದಿ ಎಲ್ಲಿ ಹೋದವು? ನೀಲಿಯೊಂದೇ ಏಕೆ ಉಳಿಯಿತು?

ಇದು ಅಂಗಡಿಯವನೊಬ್ಬನ ಪ್ರಶ್ನೆಯಲ್ಲ. ಮನೆಯ ಗೋಡೆಗೆ ಚಿತ್ರವನ್ನು ಆರಿಸಲು ಹೊರಟ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ. ನಾವು ಚಿತ್ರವನ್ನು ಆರಿಸುವಾಗ ಅದರ ವಸ್ತುವನ್ನು ನೋಡುತ್ತೇವೆ, ಬೆಲೆಯನ್ನು ವಿಚಾರಿಸುತ್ತೇವೆ, ಕುರ್ಚಿಯ ದಿಂಬಿಗೂ ಚಿತ್ರಕ್ಕೂ ಬಣ್ಣ ಹೊಂದುವುದೇ ಎಂದು ಚರ್ಚಿಸುತ್ತೇವೆ. ರುಚಿಯ ಈ ವಿಷಯಗಳಲ್ಲಿ ಭೌತವಿಜ್ಞಾನದ ಅಧ್ಯಾಪಕನಿಗೆ ವಿಶೇಷ ಅಧಿಕಾರವೇನೂ ಇಲ್ಲ. ಆದರೆ ಚಿತ್ರಕ್ಕೆ ಸ್ವಂತ ಬೆಳಕಿಲ್ಲವೆಂಬುದನ್ನು ಹೇಳುವ ಅಧಿಕಾರವುಂಟು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವಂಶವನ್ನು ನುಂಗಿ, ಉಳಿದುದನ್ನು ನಮ್ಮ ಕಣ್ಣಿಗೆ ಹಿಂದಿರುಗಿಸುವ ವಸ್ತುವೇ ಚಿತ್ರ. ಯಾವ ಬೆಳಕು, ಎಷ್ಟು, ಯಾವ ದಿಕ್ಕಿನಿಂದ ಎಂಬುದನ್ನು ನಿರ್ಧರಿಸುವುದು ಗೋಡೆ. ಆದುದರಿಂದ ಮೊದಲು ಗೋಡೆಯನ್ನು ಓದಬೇಕು. ಚಿತ್ರವನ್ನು ಅನಂತರ ಆರಿಸಬೇಕು.

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ತರಗತಿಯಲ್ಲಿ ವರ್ಷ ವರ್ಷವೂ ಬೆಳಕಿನ ಪಾಠವನ್ನು ಹೇಳುತ್ತಿದ್ದು, ಮನೆಯಲ್ಲಿ ತಪ್ಪು ಮಾಡಿ ಕಲಿತೆ. ನನ್ನ ತಂದೆತಾಯಿಗಳ ಮದುವೆಯ ವರ್ಣಚಿತ್ರ ನಮ್ಮಲ್ಲಿದ್ದುದು ಒಂದೇ ಪ್ರತಿ. ಅದರ ನೆಗೆಟಿವ್ ಎಂದೋ ಕಳೆದುಹೋಗಿತ್ತು. ಒಂದು ಜನವರಿಯಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸಿದ ಮೇಲೆ, ನಡುಮನೆಯ ಪಡುವಣ ಗೋಡೆಯ ದಕ್ಷಿಣದ ತುದಿಯಲ್ಲಿ ಮೊಳೆ ಹೊಡೆದು ಆ ಪಟವನ್ನು ತೂಗುಹಾಕಿದೆ. "ಅಲ್ಲಿ ಬಿಸಿಲು ಬೀಳುವುದಿಲ್ಲವೇನಪ್ಪ?" ಎಂದು ತಾಯಿ ಕೇಳಿದರು. ಎದುರಿನ ಮೂಡಣ ಕಿಟಕಿಯಿಂದ ಬಂದ ಎಳೆಬಿಸಿಲು ಗೋಡೆಯ ಉತ್ತರದ ತುದಿಯಲ್ಲಿ ಬಿದ್ದುದನ್ನು ನಾಲ್ಕು ದಿನ ನೋಡಿಕೊಂಡೇ ಮೊಳೆ ಹೊಡೆದಿದ್ದೆನಾದ್ದರಿಂದ, "ಇಲ್ಲಮ್ಮ" ಎಂದು ಧೈರ್ಯವಾಗಿ ಹೇಳಿದೆ.

ಜನವರಿಯಲ್ಲಿ ಸೂರ್ಯನು ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ. ಅದಕ್ಕೆ ದಕ್ಷಿಣದಲ್ಲಿ ಹುಟ್ಟುತ್ತಾನೆ. ಅವನ ಕಿರಣಗಳು ಕಿಟಕಿಯನ್ನು ಹೊಕ್ಕು ಕೋಣೆಯ ಉತ್ತರ ಭಾಗಕ್ಕೆ ಓರೆಯಾಗಿ ಸಾಗುತ್ತವೆ. ಮಾರ್ಚ್ 21ರ ಸುಮಾರಿಗೆ ಅವನು ನೇರ ಪೂರ್ವಕ್ಕೆ ಬಂದು, ಅಲ್ಲಿಂದ ಸೆಪ್ಟೆಂಬರ್ 23ರವರೆಗೆ ಪೂರ್ವಕ್ಕೆ ಉತ್ತರದಲ್ಲಿ ಹುಟ್ಟುವನು. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಈ ಅಕ್ಷಾಂಶದಲ್ಲಿ ಸೂರ್ಯೋದಯದ ಬಿಂದು ಪೂರ್ವದಿಂದ ಎರಡು ಕಡೆಗೂ ತಲಾ 24 ಡಿಗ್ರಿಗಳಷ್ಟು ಸರಿಯುವುದು. ಹತ್ತು ಅಡಿ ಅಗಲದ ಕೋಣೆಯಲ್ಲಿ ಇದರ ಪರಿಣಾಮವಾಗಿ ಬಿಸಿಲಿನ ತೇಪೆ ಎದುರು ಗೋಡೆಯ ಮೇಲೆ ಡಿಸೆಂಬರಿನಿಂದ ಜೂನಿಗೆ ಎಂಟು ಒಂಬತ್ತು ಅಡಿಗಳಷ್ಟು ದೂರ ಚಲಿಸುತ್ತದೆ. ಉತ್ತರಾಯಣ, ದಕ್ಷಿಣಾಯನಗಳು ಪಂಚಾಂಗದಲ್ಲಿ ಮಾತ್ರ ಇರುತ್ತವೆಯೆಂದು ನಾನು ತಿಳಿದಿದ್ದೆನೋ ಏನೋ! ಏಪ್ರಿಲ್ ಕಳೆಯುವ ಹೊತ್ತಿಗೆ ಬಿಸಿಲು ಆ ಪಟದ ಮೇಲೆಯೇ ಬಂದು ಕುಳಿತಿತು. ಆ ಹೊತ್ತಿನಲ್ಲಿ ನಾನು ಕಾಲೇಜಿಗೆ ಹೊರಡುವ ಅವಸರದಲ್ಲಿ ಇರುತ್ತಿದ್ದೆನಾದ್ದರಿಂದ ಆರು ವರ್ಷ ಅದನ್ನು ಗಮನಿಸಲಿಲ್ಲ.

ಇದರಿಂದ ಆದ ಹಾನಿಯನ್ನು ಲೆಕ್ಕಹಾಕುವುದು ಕಷ್ಟವಲ್ಲ. ಒಂದು ಮೇಲ್ಮೈಯ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಿರ್ಮಲವಾದ ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಓದುವ ಮೇಜಿನ ಮೇಲಿನ ದೀಪದ ಬೆಳಕು 300ರಿಂದ 500 ಲಕ್ಸ್. ವಸ್ತುಸಂಗ್ರಹಾಲಯಗಳಲ್ಲಿ ಜಲವರ್ಣ, ಬಟ್ಟೆ, ಹಳೆಯ ಅಚ್ಚಿನ ಕಾಗದ ಮುಂತಾದ ಸೂಕ್ಷ್ಮ ವಸ್ತುಗಳ ಮೇಲೆ 50 ಲಕ್ಸ್‌ಗಿಂತಲೂ, ತೈಲಚಿತ್ರಗಳ ಮೇಲೆ 200 ಲಕ್ಸ್‌ಗಿಂತಲೂ ಹೆಚ್ಚು ಬೆಳಕನ್ನು ಬಿಡಬಾರದೆಂಬ ರೂಢಿಯುಂಟು. ಬಣ್ಣದ ಪಾಲಿಗೆ ಬೆಳಕಿನ ಪ್ರಮಾಣ ಎಷ್ಟು ಮುಖ್ಯವೋ ಕಾಲವೂ ಅಷ್ಟೇ ಮುಖ್ಯ. ಎರಡರ ಗುಣಲಬ್ಧವೇ ಅದು ಕೂಡಿಹಾಕಿಕೊಳ್ಳುವ ಸಾಲ. ದಿನಕ್ಕೆ 8 ಗಂಟೆಯಂತೆ 50 ಲಕ್ಸ್‌ನಲ್ಲಿ ಇಡೀ ವರ್ಷ ಇದ್ದ ಚಿತ್ರದ ಲೆಕ್ಕ 50 × 8 × 365, ಅಂದರೆ 1,46,000 ಲಕ್ಸ್-ಗಂಟೆ. ನಡುಹಗಲಿನ ನೇರ ಬಿಸಿಲು ಇಷ್ಟನ್ನೂ ಒಂದೂವರೆ ಗಂಟೆಯೊಳಗೆ ಸುರಿದುಬಿಡುತ್ತದೆ. ನಮ್ಮ ಮನೆಯದು ಎಳೆಬಿಸಿಲು. 20,000 ಲಕ್ಸ್ ಎಂದಿಟ್ಟುಕೊಂಡು, ದಿನಕ್ಕೆ 40 ನಿಮಿಷ ಬಿತ್ತೆಂದರೂ, ಹನ್ನೊಂದು ಬೆಳಗುಗಳಲ್ಲಿ ವಸ್ತುಸಂಗ್ರಹಾಲಯದ ಒಂದು ವರ್ಷ ಕಳೆದುಹೋಯಿತು. ಮೋಡಗಳನ್ನು ಕಳೆದು ವರ್ಷಕ್ಕೆ 60 ಬೆಳಗುಗಳನ್ನಾದರೂ ಹಿಡಿದರೆ, ಆರು ವರ್ಷಗಳಲ್ಲಿ ಆ ಪಟಕ್ಕೆ ಮೂವತ್ತಮೂರು ವರ್ಷ ವಯಸ್ಸಾಯಿತು. ಹಗಲೆಲ್ಲ ಕೋಣೆಯಲ್ಲಿ ಹರಡಿರುವ ಸಾಮಾನ್ಯ ಬೆಳಕನ್ನು ಇದರಲ್ಲಿ ಸೇರಿಸಿಲ್ಲ.

ಪಟಕ್ಕೆ ಗಾಜಿತ್ತಲ್ಲವೆ ಎಂದು ಕೆಲವರು ಕೇಳಬಹುದು. ಸಾಮಾನ್ಯ ಗಾಜು ಅತಿನೇರಿಳೆ ಕಿರಣಗಳಲ್ಲಿ ಸುಮಾರು 310 ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳನ್ನು ತಡೆಯುತ್ತದೆ. ಅಲ್ಲಿಂದ 400 ನ್ಯಾನೋಮೀಟರುವರೆಗಿನ ಉದ್ದನೆಯ ಅತಿನೇರಿಳೆ ಅಲೆಗಳಿಗೆ ಬಹುಮಟ್ಟಿಗೆ ದಾರಿ ಬಿಡುತ್ತದೆ. ಇನ್ನು ಕಣ್ಣಿಗೆ ಕಾಣುವ ಬೆಳಕಿಗಂತೂ ಅಡ್ಡಿಯೇ ಇಲ್ಲ. ಬಣ್ಣಗೆಡಿಸುವುದು ಅತಿನೇರಿಳೆ ಮಾತ್ರವೆಂಬ ನಂಬಿಕೆ ತಪ್ಪು. ಕಾಣುವ ಬೆಳಕೂ ಆ ಕೆಲಸವನ್ನು ಮಾಡುತ್ತದೆ.

ಈಗ ನೀಲಿ ಮುಖದ ತರುಣನ ಬಳಿಗೆ ಹಿಂದಿರುಗೋಣ. ಅಚ್ಚಿನ ಚಿತ್ರದಲ್ಲಿ ನಾಲ್ಕೇ ಮಸಿಗಳಿರುತ್ತವೆ: ಹಳದಿ, ನೇರಳೆಗೆಂಪು, ಹಸಿರುನೀಲಿ ಮತ್ತು ಕಪ್ಪು. ಬಣ್ಣವುಳ್ಳ ಮಸಿ ಬೆಳಕಿನ ಕೆಲವು ಅಲೆಗಳನ್ನು ಹೀರುವುದರಿಂದಲೇ ಬಣ್ಣವುಳ್ಳದ್ದಾಗಿರುತ್ತದೆ. ಹೀರಿದ ಶಕ್ತಿ ಅಣುವಿನೊಳಗೆ ಏನನ್ನಾದರೂ ಮಾಡಲೇಬೇಕು. ಸಾಮಾನ್ಯವಾಗಿ ಅದು ಶಾಖವಾಗಿ ಹರಿದುಹೋಗುತ್ತದೆ. ಎಲ್ಲಿಯೋ ಲಕ್ಷಕ್ಕೊಂದು ಸಲ, ಉದ್ರಿಕ್ತವಾದ ಅಣು ಗಾಳಿಯ ಆಮ್ಲಜನಕದೊಡನೆಯೋ ತೇವದೊಡನೆಯೋ ಕೂಡಿ ಮುರಿದುಬೀಳುತ್ತದೆ. ಮುರಿದ ಅಣುವಿಗೆ ಬಣ್ಣವಿಲ್ಲ. ಕೆಂಪು ಬೆಳಕಿನ ಒಂದು ಫೋಟಾನಿನ ಶಕ್ತಿ ಸುಮಾರು 1.8 ಎಲೆಕ್ಟ್ರಾನ್ ವೋಲ್ಟ್, ನೇರಿಳೆಯದು 3.1, 350 ನ್ಯಾನೋಮೀಟರಿನ ಅತಿನೇರಿಳೆಯದು 3.5. ಇಂಗಾಲದ ಎರಡು ಪರಮಾಣುಗಳ ನಡುವಿನ ಒಂಟಿ ಬಂಧವನ್ನು ಕಡಿಯಲು ಬೇಕಾಗುವುದು 3.6ರ ಸುಮಾರು. ಹಳದಿಯ ಮಸಿ ನೀಲಿ ಬೆಳಕನ್ನೂ, ನೇರಳೆಗೆಂಪಿನ ಮಸಿ ಹಸಿರನ್ನೂ ಹೀರುತ್ತವೆ. ಹಸಿರುನೀಲಿಯ ಮಸಿಯ ಪಾಲಿಗೆ ಬರುವುದು ಶಕ್ತಿಯಲ್ಲಿ ಬಡವಾದ ಕೆಂಪು ಬೆಳಕು. ಇದು ಅರ್ಧ ಕಾರಣ. ಉಳಿದರ್ಧವು ಅಣುವಿನ ರಚನೆಯಲ್ಲಿದೆ: ಅಚ್ಚಿನ ನೀಲಿಗೆ ಬಳಸುವ ಥ್ಯಾಲೋಸಯನೀನ್ ಎಂಬುದು ತಾಮ್ರದ ಪರಮಾಣುವನ್ನು ನಡುವಿಟ್ಟುಕೊಂಡ ಬಹಳ ಗಟ್ಟಿಯಾದ ಉಂಗುರ. ಕಪ್ಪು ಮಸಿ ಬರಿಯ ಕಾಡಿಗೆ, ಅಂದರೆ ಇಂಗಾಲ. ಅದನ್ನು ಬಿಸಿಲು ಏನೂ ಮಾಡಲಾರದು.

ಬಣ್ಣ ಹಾರುವುದು ಅಗ್ಗದ ಅಚ್ಚಿಗೆ ಮಾತ್ರ ಬಂದ ಕೇಡಲ್ಲ. ವ್ಯಾನ್ ಗೋ 1888ರಲ್ಲಿ ಆರ್ಲ್ ಎಂಬ ಊರಿನ ತನ್ನ ಮಲಗುವ ಕೋಣೆಯನ್ನು ಚಿತ್ರಿಸಿ, ಅದರ ಗೋಡೆಗಳಿಗೆ ತಿಳಿ ನೇರಿಳೆ ಬಣ್ಣವೆಂದು ಕಾಗದದಲ್ಲಿ ಬರೆದನು. ಆ ಚಿತ್ರವನ್ನು ನೋಡುವ ನಮಗೆ ಕಾಣುವುದು ನೀಲಿ ಗೋಡೆ. ನೀಲಿಯೊಡನೆ ಬೆರೆಸಿದ್ದ ಕೆಂಪು ಬೆಳಕಿಗೆ ನಿಲ್ಲದೆ ಹೋಯಿತು.

ಹಾಗಾದರೆ ಬಿಸಿಲು ಬೀಳುವ ಗೋಡೆಗೆ ಏನನ್ನು ಆರಿಸಬೇಕು? ಬೆಳಕಿಗೆ ಅಂಜದ ಬಣ್ಣಗಳು ಉಂಟು; ಅವು ಮಣ್ಣಿನ ಬಣ್ಣಗಳು. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಅದರಲ್ಲಿರುವ ಕಬ್ಬಿಣ ಆಮ್ಲಜನಕದೊಡನೆ ಕೂಡುವಷ್ಟು ಕೂಡಿ ಮುಗಿದಿದೆ. ಬೆಳಕಿನ ಪ್ರೇರಣೆಯಿಂದ ಮುರಿಯಬಲ್ಲ ಉದ್ದನೆಯ ಇಂಗಾಲದ ಸರಪಣಿ ಅದರಲ್ಲಿಲ್ಲ. ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಚೀನರು ಕೆಮ್ಮಣ್ಣಿನಿಂದ ಬರೆದ ಮನುಷ್ಯರೂ ಮೃಗಗಳೂ ಇಂದಿಗೂ ಕೆಂಪಾಗಿಯೇ ಇರುವುದಕ್ಕೆ ಇದೇ ಕಾರಣ. ಮಲೆನಾಡಿನ ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವೂ ಇಂಥ ಗೋಡೆಗೆ ಒಪ್ಪುವುದು. ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರುಗೆ ಕಾಯಿಯ ಹಳದಿ, ಪುಂಡಿಯ ನಾರಿನ ಕುಂಚ ಇವೇ ಅದರ ಸಾಮಗ್ರಿಗಳು. ಕೆಂಪು ಮಣ್ಣು, ಕಪ್ಪು ಇಂಗಾಲ. ಇವೆರಡೂ ಬಿಸಿಲಿಗೆ ನಿಲ್ಲುತ್ತವೆ. ಸಸ್ಯಮೂಲವಾದ ಹಳದಿಯ ಬಗ್ಗೆ ಮಾತ್ರ ನಾನು ಭರವಸೆ ಕೊಡಲಾರೆ. ಕೊಳ್ಳುವಾಗ ಒಂದು ಮಾತು ಕೇಳಬೇಕು: ಇದನ್ನು ಮಣ್ಣಿನಿಂದಲೇ ಬರೆದಿದೆಯೋ, ಅಂಗಡಿಯ ಬಣ್ಣದಿಂದಲೋ? ಹಾಳೆಯ ಮೇಲಿನ ಅಚ್ಚಾದರೆ ಅದರ ಗತಿ ಕ್ಷೌರದಂಗಡಿಯ ತರುಣನದೇ.

ಬಣ್ಣ ಉಳಿಯಿತೆಂದರೆ ಸಾಲದು, ಚಿತ್ರ ಕಾಣಬೇಕು. ಗಾಜು ಹಾಕಿದ ಪಟದ ಮುಂದೆ ನಿಂತು, ಪಟದ ಬದಲು ನಮ್ಮ ಮುಖವನ್ನೂ ಹಿಂದಿನ ಕಿಟಕಿಯನ್ನೂ ಕಂಡವರು ನಾವೆಲ್ಲರೂ. ಗಾಜಿಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ 4 ಭಾಗ ಮುಂದಿನ ಮೈಯಿಂದಲೂ, ಸುಮಾರು ಅಷ್ಟೇ ಹಿಂದಿನ ಮೈಯಿಂದಲೂ ಪ್ರತಿಫಲಿಸುತ್ತದೆ, ಒಟ್ಟು 8. ಇದು ಅಲ್ಪವೆಂದು ತೋರಬಹುದು. ಆದರೆ ಹಗಲಿನಲ್ಲಿ ಕಿಟಕಿಯಿಂದ ಕಾಣುವ ಆಕಾಶ ಒಳಗಿನ ಗೋಡೆಗಿಂತ ಐವತ್ತು ಪಟ್ಟು ಪ್ರಕಾಶವಾಗಿದ್ದರೆ, ಅದರ ನೂರಕ್ಕೆ ಎಂಟು ಭಾಗವೂ ಗೋಡೆಯ ನಾಲ್ಕರಷ್ಟಾಯಿತು. ಇನ್ನು ಚಿತ್ರದ ಕಪ್ಪು ಭಾಗಗಳು ಹೇಗೆ ಕಂಡಾವು? ಕಿಟಕಿಯ ಎದುರಿನ ಗೋಡೆಗೆ ಕಡುಬಣ್ಣದ, ಗಾಜು ಹಾಕಿದ ಚಿತ್ರವನ್ನು ಆರಿಸುವುದು ಕನ್ನಡಿಯನ್ನು ಆರಿಸಿದಂತೆಯೇ. ಬಹಳ ಓರೆಯಾಗಿ ನೋಡಿದರೆ ಸ್ಥಿತಿ ಇನ್ನೂ ಕೆಡುತ್ತದೆ: ಲಂಬದಿಂದ 60 ಡಿಗ್ರಿ ಓರೆಯಾದಾಗ ಒಂದೊಂದು ಮೈಯ ಪ್ರತಿಫಲನ ನೂರಕ್ಕೆ 9 ಭಾಗವಾಗುತ್ತದೆ, 80 ಡಿಗ್ರಿಗೆ 39.

ನಮ್ಮ ಅಜ್ಜಂದಿರ ಕಾಲದ ಹೆಂಚಿನ ಮನೆಗಳಲ್ಲಿ ಪಟಗಳನ್ನು ಬಾಗಿಲ ಮೇಲ್ಗಡೆ, ಬಹಳ ಎತ್ತರದಲ್ಲಿ, ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು. ಕೆಳಗೆ ಎರಡು ಮೊಳೆಗಳ ಆಸರೆ, ಮೇಲೆ ಹಗ್ಗ. ಇದನ್ನು ಹಳೆಯ ಕಾಲದ ಒರಟುತನವೆಂದು ನಾನು ಬಹುದಿನ ತಿಳಿದಿದ್ದೆ. ಲೆಕ್ಕ ಹಾಕಿದ ಮೇಲೆ ಅಭಿಪ್ರಾಯ ಬದಲಾಯಿತು. ಚಾಪೆಯ ಮೇಲೆ ಕುಳಿತವನ ಕಣ್ಣು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದೆ. ಪಟ ಒಂಬತ್ತು ಅಡಿ ಎತ್ತರದಲ್ಲಿದೆ. ನಡುವಿನ ದೂರ ಹನ್ನೆರಡು ಅಡಿ. ಅವನ ನೋಟ 28 ಡಿಗ್ರಿ ಮೇಲಕ್ಕೆ ಏರುತ್ತದೆ. ಪಟ ಗೋಡೆಗೆ ಒತ್ತಿಕೊಂಡಿದ್ದರೆ, ಪತನಕೋನ ಪ್ರತಿಫಲನಕೋನಗಳು ಸಮವೆಂಬ ನಿಯಮದಂತೆ ನೋಟ ಇನ್ನೂ ಮೇಲಕ್ಕೆ ಸಾಗಿ ಮಾಡಿನ ಗವಾಕ್ಷಿಯನ್ನೋ ಗಾಜಿನ ಹೆಂಚನ್ನೋ ಮುಟ್ಟುತ್ತದೆ. ಅವನಿಗೆ ಕಾಣುವುದು ಗವಾಕ್ಷಿಯ ಬೆಳಕು. ಕನ್ನಡಿಯನ್ನು ಒಂದು ಕೋನದಷ್ಟು ತಿರುಗಿಸಿದರೆ ಪ್ರತಿಫಲಿತ ಕಿರಣ ಅದರ ಎರಡರಷ್ಟು ತಿರುಗುವುದಷ್ಟೆ. ಪಟವನ್ನು 14 ಡಿಗ್ರಿ ಬಾಗಿಸಿದರೆ ಕಿರಣ 28 ಡಿಗ್ರಿ ಕೆಳಗಿಳಿದು, ನೆಲಕ್ಕೆ ಸಮಾನಾಂತರವಾಗಿ ಹಿಂದಿರುಗಿ, ಎದುರು ಗೋಡೆಯನ್ನು ಒಂಬತ್ತು ಅಡಿ ಎತ್ತರದಲ್ಲಿ, ಅಂದರೆ ಕಿಟಕಿಯ ಮೇಲಿನ ನೆರಳಿನ ಭಾಗದಲ್ಲಿ ಮುಟ್ಟುವುದು. ಗಾಜಿನಲ್ಲಿ ಕಾಣುವುದು ಕತ್ತಲೆ. ಆದುದರಿಂದ ಚಿತ್ರ ಕಾಣುವುದು. ಅಷ್ಟೇ ಅಲ್ಲದೆ, ನೋಡುವವನಿಗೆ ಎದುರಾಗಿ ಬಾಗಿದ್ದರಿಂದ ಅದರ ಆಕಾರ ಕುಗ್ಗಿದಂತೆ ತೋರದು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದಿಂದ ಹೊರಟು ಮನೆಮನೆಯನ್ನು ಸೇರಿದ ಲಕ್ಷ್ಮೀ ಸರಸ್ವತಿಯರ ಪಟಗಳನ್ನು ಹೀಗೆಯೇ ಬಾಗಿಸಿ ಕಟ್ಟುತ್ತಿದ್ದರು.

ಇಂದಿನ ಪದ್ಧತಿ ಬೇರೆ. ಚಿತ್ರದ ಮಧ್ಯ ಕಣ್ಣಿನ ಎತ್ತರಕ್ಕೆ, ಸುಮಾರು ಐದು ಅಡಿಗೆ ಬರುವಂತೆ ಗೋಡೆಗೆ ಒತ್ತಿ ತೂಗುಹಾಕುತ್ತೇವೆ. ಹಿಂದಿರುಗುವ ಕಿರಣವೂ ಐದು ಅಡಿ ಎತ್ತರದಲ್ಲಿ ಎದುರು ಗೋಡೆಯನ್ನು ಮುಟ್ಟುತ್ತದೆ. ಕಿಟಕಿಗಳಿರುವುದು ನಿಖರವಾಗಿ ಆ ಎತ್ತರದಲ್ಲಿಯೇ! ಆದುದರಿಂದ ಮೊಳೆ ಹೊಡೆಯುವ ಮೊದಲು, ಪಟ ಬರಬೇಕಾದ ಜಾಗದಲ್ಲಿ ಒಂದು ಸಣ್ಣ ಕನ್ನಡಿಯನ್ನು ಯಾರಿಂದಲಾದರೂ ಹಿಡಿಸಿ, ನೀವು ನಿತ್ಯ ಕುಳಿತುಕೊಳ್ಳುವ ಸ್ಥಳದಲ್ಲಿ ಕುಳಿತು ನೋಡಿರಿ. ಕನ್ನಡಿಯಲ್ಲಿ ಕಿಟಕಿಯಾಗಲಿ ದೀಪವಾಗಲಿ ಕಂಡರೆ ಅಲ್ಲಿಗೆ ಗಾಜಿನ ಪಟ ಬೇಡ. ಗಾಜಿಲ್ಲದ ಕ್ಯಾನ್ವಾಸೋ, ಮರದ ಕೆತ್ತನೆಯೋ, ನೇಯ್ಗೆಯೋ ಆಗಬಹುದು. ಪಕ್ಕದ ಗೋಡೆಗೆ ಹೋದರೆ ಗಾಜಿನ ಪಟವೂ ಸರಿಹೋಗುತ್ತದೆ.

ಚಿತ್ರದ ಗಾತ್ರವನ್ನು ಕುರಿತು ಜನ ಬಹಳ ಚರ್ಚಿಸುತ್ತಾರೆ. ಗಾತ್ರಕ್ಕಿಂತ ಅದರೊಳಗಿನ ಕೆಲಸ ಎಷ್ಟು ಸೂಕ್ಷ್ಮವೆಂಬುದು ಮುಖ್ಯವೆಂದು ನನ್ನ ಅಭಿಪ್ರಾಯ. ಕಣ್ಣಿನ ಬಿಡಿಸುವ ಶಕ್ತಿ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಅಂದರೆ ಮೂರು ಮೀಟರ್ ದೂರದಿಂದ ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಮೆ ಅಂತರದ ಎರಡು ಗೆರೆಗಳು ಒಂದಾಗಿಬಿಡುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ, ಬಿಳಿಯ ಪುಡಿಯನ್ನು ಗೋಂದಿನಲ್ಲಿ ಕಲಸಿ ತೆಳುವಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸಿ ಮಾಡಿದ ಆಭರಣಗಳ ಕೆಲಸ ಎಷ್ಟೋ ಕಡೆ ಇದಕ್ಕಿಂತ ಸೂಕ್ಷ್ಮ. ಅಂಥ ಚಿತ್ರವನ್ನು ಉದ್ದನೆಯ ಹಜಾರದ ಕೊನೆಯ ಗೋಡೆಗೆ ಹಾಕಿದರೆ ಅರ್ಧ ಚಿತ್ರವನ್ನು ಬಚ್ಚಿಟ್ಟಂತೆ. ಜನ ಹತ್ತಿರ ಹಾದುಹೋಗುವ ಓಣಿಯಂಥ ಜಾಗವೇ ಅದಕ್ಕೆ ಸರಿ. ಅಲ್ಲಿ ಪಕ್ಕದಿಂದ ಬೀಳುವ ಮಂದ ಬೆಳಕು ಉಬ್ಬುಗೆಲಸಕ್ಕೆ ಸಣ್ಣ ಸಣ್ಣ ನೆರಳುಗಳನ್ನು ಕೊಟ್ಟು ಅದನ್ನು ಎತ್ತಿ ತೋರಿಸುತ್ತದೆ.

ಗೋಡೆಯ ಬಣ್ಣವೂ ಚಿತ್ರದೊಳಕ್ಕೆ ಕೈಹಾಕುತ್ತದೆ. ಪ್ಯಾರಿಸಿನ ಗೋಬ್ಲಾನ್ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ಶೆವ್ರಲ್ ಎಂಬ ರಸಾಯನವಿಜ್ಞಾನಿಗೆ, ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂಬ ದೂರು ಬಂದಿತು. ಪರೀಕ್ಷಿಸಿದಾಗ ನೂಲಿನಲ್ಲಿ ದೋಷವಿರಲಿಲ್ಲ. ಅದರ ಪಕ್ಕದಲ್ಲಿ ನೇಯ್ದ ಬಣ್ಣ ಅದನ್ನು ಹಾಗೆ ಕಾಣಿಸುತ್ತಿತ್ತು. 1839ರಲ್ಲಿ ಅವನು ಈ ವಿಷಯವನ್ನು ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಹಸಿರು ಗೋಡೆಯ ಮೇಲೆ ಕೆಂಪು ಇನ್ನೂ ಕೆಂಪಾಗುತ್ತದೆ. ಕೆಂಪು ಗೋಡೆಯ ಮೇಲೆ ಅದೇ ಕೆಂಪು ಸಪ್ಪೆಯಾಗುತ್ತದೆ. ಚಿತ್ರಕ್ಕೂ ಚೌಕಟ್ಟಿಗೂ ನಡುವೆ ಬಿಳಿಯ ರಟ್ಟಿನ ಅಂಚನ್ನು ಬಿಡುವುದು ಬರಿಯ ಶೃಂಗಾರವಲ್ಲ; ಜಗಳವಾಡುವ ಇಬ್ಬರನ್ನು ದೂರ ಕೂರಿಸುವ ಉಪಾಯ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಎಸ್. ಎಲ್. ಹಲ್ದಣಕರರ ದೀಪ ಹಿಡಿದ ಯುವತಿಯ ಚಿತ್ರವನ್ನು ಬಹುಕಾಲ ಮಬ್ಬುಗತ್ತಲೆಯ ಕೋಣೆಯಲ್ಲಿ ತೋರಿಸುತ್ತಿದ್ದರು. ಅದು ಜಲವರ್ಣ. ಅತ್ಯಂತ ಬಿಳಿಯ ಕಾಗದವೂ ತನ್ನ ಮೇಲೆ ಬಿದ್ದ ಬೆಳಕಿನ ನೂರಕ್ಕೆ 90 ಭಾಗಕ್ಕಿಂತ ಹೆಚ್ಚನ್ನು ಹಿಂದಿರುಗಿಸದು. ಆದರೂ ಆ ಅಂಗೈಯ ಮರೆಯ ದೀಪ ತಾನೇ ಉರಿಯುತ್ತಿರುವಂತೆ ಕಂಡು ಎಷ್ಟೋ ಮಂದಿ ಹಿಂದೆ ಬಲ್ಬೇನಾದರೂ ಇರುವುದೇ ಎಂದು ಇಣುಕಿದ್ದಾರೆ. ಸುತ್ತಲಿನ ಕತ್ತಲೆಗೆ ಒಗ್ಗಿದ ಕಣ್ಣು ಆ ಬೆಳಕನ್ನು ಹಿಗ್ಗಿಸಿಕೊಳ್ಳುತ್ತದೆ. ಚಿತ್ರಕ್ಕೂ ಮಬ್ಬು ಹಿತ, ನೋಡುವವನಿಗೂ ಹಿತ. ಎಲ್ಲ ಚಿತ್ರಗಳಿಗೂ ಬೆಳಕು ಹೆಚ್ಚಿದಷ್ಟು ಒಳ್ಳೆಯದೆಂಬುದು ನಿಜವಲ್ಲ.

ಉಳಿದ ಎರಡು ಮಾತುಗಳನ್ನು ಬೇಗ ಮುಗಿಸುತ್ತೇನೆ. ಪಟದ ಹಿಂದಿನ ತಂತಿಯನ್ನು ಬಹಳ ಬಿಗಿದು ಕಟ್ಟುವುದು ತಪ್ಪು. ತಂತಿ ಅಡ್ಡಗೆರೆಯೊಡನೆ 30 ಡಿಗ್ರಿ ಕೋನ ಮಾಡಿದರೆ ಅದರ ಪ್ರತಿಯೊಂದು ಭಾಗದ ಎಳೆತ ಪಟದ ತೂಕಕ್ಕೆ ಸಮ. 10 ಡಿಗ್ರಿಯಾದರೆ ತೂಕದ ಮೂರರಷ್ಟಕ್ಕೆ ಹತ್ತಿರ. ಇನ್ನು, ಮಳೆ ಹೊಡೆಯುವ ಹೊರಗೋಡೆಗೆ ಕಾಗದದ ಚಿತ್ರ ಬೇಡ. ಹಾಕಲೇಬೇಕಾದರೆ ಚೌಕಟ್ಟಿನ ಹಿಂದೆ ಮೂಲೆಗಳಲ್ಲಿ ಬಿರಡೆಯ ತುಂಡುಗಳನ್ನು ಅಂಟಿಸಿ ಗಾಳಿಯಾಡಲು ಬಿಡಬೇಕು. ಇಲ್ಲವಾದರೆ ಮಲೆನಾಡಿನ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿದೀತು.

ನಮ್ಮ ಪಟದ ಕಥೆ ಮುಗಿದಿಲ್ಲ. ಅದರ ಪ್ರತಿಯನ್ನು ಕಂಪ್ಯೂಟರಿನಲ್ಲಿ ತಿದ್ದಿಸಲು ಹೋದಾಗ, ಸೀರೆಯ ಬಣ್ಣ ಯಾವುದೆಂದು ಅಂಗಡಿಯವರು ಕೇಳಿದರು. ಅರಗಿನ ಕೆಂಪು ಎಂದರು ತಾಯಿ. ಪಟದಲ್ಲಿದ್ದುದು ಒಣಗಿದ ಗುಲಾಬಿಯ ಬಣ್ಣ. ನನ್ನ ಮಾತಿಗೆ ಬೆಲೆಯಿಲ್ಲದ ಸ್ಥಿತಿಯಾದ್ದರಿಂದ ನಾನು ಸುಮ್ಮನಿದ್ದೆ. ಮರುದಿನ ಅವರು ಪೆಟ್ಟಿಗೆಯ ತಳದಿಂದ ಸೀರೆಯನ್ನೇ ತೆಗೆದುಕೊಂಡು ಬಂದರು. ಕತ್ತಲೆಯಲ್ಲಿದ್ದ ಅದರ ಕೆಂಪು ಕೆಂಪಾಗಿಯೇ ಇತ್ತು. ಅಂಗಡಿಯ ದೀಪದ ಕೆಳಗೆ ಪ್ರತಿಯೂ ಸೀರೆಯೂ ಒಂದೇ ಬಣ್ಣವೆಂದು ತೋರಿದವು. ಬಾಗಿಲಿಗೆ ತಂದು ಹಗಲಿನಲ್ಲಿ ಹಿಡಿದಾಗ ಬೇರೆಯಾದವು. ಎರಡು ಬೇರೆ ಬೇರೆ ಬಣ್ಣದ ದ್ರವ್ಯಗಳು ಒಂದು ದೀಪದಲ್ಲಿ ಕಣ್ಣನ್ನು ಏಕರೀತಿಯಾಗಿ ಕೆಣಕಿ, ಇನ್ನೊಂದರಲ್ಲಿ ಕೆಣಕದಿರುವುದು ಸಾಮಾನ್ಯ. ಒಂದೊಂದು ದೀಪದಲ್ಲಿ ಅಲೆಗಳ ಹಂಚಿಕೆ ಒಂದೊಂದು ರೀತಿ. ಮೂರು ಸಲ ಬಾಗಿಲಿಗೂ ಯಂತ್ರಕ್ಕೂ ಓಡಾಡಿದ ಮೇಲೆ ತಾಯಿ ಒಪ್ಪಿದರು.

ಮೂಲಚಿತ್ರ ಈಗ ಸೀರೆಯ ಜೊತೆಯಲ್ಲಿ ಪೆಟ್ಟಿಗೆಯಲ್ಲಿದೆ. ಪ್ರತಿ ನಡುಮನೆಯ ತೆಂಕಣ ಗೋಡೆಯ ಮೇಲೆ, ಕಿಟಕಿ ಕಾಣದ ಜಾಗದಲ್ಲಿದೆ. ಪಡುವಣ ಗೋಡೆಯ ದಕ್ಷಿಣದ ತುದಿಯಲ್ಲಿ ಕೆಮ್ಮಣ್ಣಿನ ಚಿತ್ತಾರವೊಂದನ್ನು ಹಾಕಿದ್ದೇನೆ. ಏಪ್ರಿಲ್ ಬಂದಾಗ ಬಿಸಿಲು ಅದರ ಮೇಲೆ ಬಂದು ಕೂರುತ್ತದೆ.